ಮೂರು ಬೆರಳಿನ ಬಾಯಿ

ನಿಂಬರ್ಗಾ ಶಾಲೆಯ ವಿಜ್ಞಾನದ ಮಾಸ್ತರ ಶಿವಪ್ರಕಾಶನ ಗಂಟಲಲ್ಲಿ ಹತ್ತು ಮಂದಿ ವಾಸವಾಗಿದ್ದರು; ಯಾರ ದನಿಯನ್ನಾದರೂ ನಕಲು ಮಾಡುತ್ತಿದ್ದ. ಈಚೆಗೆ ಎಲ್ಲರೂ ಕೇಳುತ್ತಿದ್ದುದು ಒಬ್ಬರನ್ನೇ: ಗುಟ್ಕಾ ತುಂಬಿಕೊಂಡು, ದವಡೆ ತೆರೆಯದೆ ಮಾತಾಡುವ, ದೊಡ್ಡಪ್ಪ ಎಂಬ ಹೆಸರಿನ ಹೆಡ್‌ಮಾಸ್ತರರನ್ನು. ಥೇಟ್ ಅವರೇ ಬಂದಂಗಾತು ಎಂದು ಸ್ಟಾಫ್‌ರೂಮು ಬಿದ್ದು ಬಿದ್ದು ನಗುತ್ತಿತ್ತು. ಅದು ನಕಲಲ್ಲ, ಈಗ ತನ್ನ ಬಾಯಿ ತೆರೆಯುವುದೇ ಅಷ್ಟು ಎಂಬುದು ಶಿವಪ್ರಕಾಶನಿಗೆ ಮಾತ್ರ ಗೊತ್ತಿತ್ತು. ಅವನೂ ಹನ್ನೆರಡು ವರ್ಷ ಗುಟ್ಕಾ ಅಗಿದವನು.

ಆಳಂದದ ಹಲ್ಲಿನ ಡಾಕ್ಟರು ಜಯಮಾಲಾ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಲು ಹೇಳಿದ್ದರು. ಸರಿಯಾಗಿ ತೆರೆಯುವ ಬಾಯಿಗೆ ಮೂರೂ ಹೋಗಬೇಕು; ಅವನ ಬಾಯಿಗೆ ಒಂದೂವರೆ ಹೋಯಿತು. ಎಡಗೆನ್ನೆಯ ಒಳಗೆ ಬಿಳಿ ಮಚ್ಚೆಯೊಂದು ಕಂಡಿತು. ಚರ್ಮದ ಕೆಳಗೆ ನಾರು ಗಟ್ಟಿಯಾಗಿ ರಕ್ತನಾಳಗಳನ್ನು ಹಿಸುಕಿದೆ, ಅಲ್ಲಿಗೆ ಆಕ್ಸಿಜನ್ ಸಾಲುತ್ತಿಲ್ಲ ಎಂದರು.

"ಉಸಿರು ಸಿಗದ ಜಾಗಾದಾಗ ಭಾಳಷ್ಟು ಜೀವಕೋಶ ಸಾಯ್ತಾವ್ರಿ ಮಾಸ್ತರ. ಕೆಲವು ಮಾತ್ರ ಇಲ್ಲದ್ರಾಗೇ ಬದುಕೋದು ಕಲೀತಾವ. ಆ ಹಟಮಾರಿಗಳೇ ಮುಂದ ಕ್ಯಾನ್ಸರ್ ಆಗಬಹುದು. ಎಲ್ಲಾರಿಗೂ ಆಗಂಗಿಲ್ಲ. ಆದ್ರ ನೋಡದ ಬಿಡಬಾರದು."

ಮಚ್ಚೆಯ ಚೂರು ತೆಗೆಸಿ ಪರೀಕ್ಷೆ ಮಾಡಿಸಲು ಕಲಬುರಗಿಗೆ ಚೀಟಿ ಬರೆದುಕೊಟ್ಟರು. ಹತ್ತನೆಯ ತರಗತಿಗೆ ಜೀವಕೋಶದ ಉಸಿರಾಟ ಪಾಠ ಮಾಡುವ ಮನುಷ್ಯ ಆ ಚೀಟಿಯನ್ನು ಅದೇ ಪಾಠದ ಪುಟದೊಳಗೆ ಇಟ್ಟು ಎಂಟು ದಿನ ಪುಸ್ತಕ ತೆರೆಯಲಿಲ್ಲ. ಗುಟ್ಕಾ ಬಿಟ್ಟ. ಮನೆಯಲ್ಲಿ ವಸಡು ನೋವೆಂದು ರೊಟ್ಟಿಯನ್ನು ಬ್ಯಾಳಿ ಸಾರಿನಲ್ಲಿ ನೆನೆಸಿ ತಿಂದ.

ಒಂಬತ್ತನೆಯ ದಿನ ಊಟಕ್ಕೆ ಕೂತಾಗ ಹೆಂಡತಿ ಭಾಗ್ಯಜ್ಯೋತಿ ಅವನನ್ನೇ ನೋಡುತ್ತಿದ್ದಳು.

"ಹೆಡ್‌ಮಾಸ್ತರ್ನ ಸಾಕ ಮಾಡ್ರಿ. ನನ್ನ ನೋಡಾಕ ಬಂದಾಗ ಮಾತಾಡಿದ್ರಲ್ಲ, ಆ ದನಿ ಮಾಡ್ರಿ."

ಅವನು "ಭಾಗ್ಯಾ" ಎಂದ. ಬಂದದ್ದು ದೊಡ್ಡಪ್ಪನೇ. ಇನ್ನೊಮ್ಮೆ ಎಂದ, ಮತ್ತೆ ದೊಡ್ಡಪ್ಪನೇ. ಅವಳು ನಗಲಿಲ್ಲ. ಅವನು ಎದ್ದು ಪುಸ್ತಕದಿಂದ ಚೀಟಿ ತೆಗೆದು ಅವಳ ಮುಂದಿಟ್ಟ.

ಬೆಳಿಗ್ಗೆ ಕಲಬುರಗಿ ಬಸ್ಸು ಹತ್ತುವ ಮುಂಚೆ ರಜೆ ಕೇಳಲು ಹೆಡ್‌ಮಾಸ್ತರರಿಗೆ ಫೋನು ಮಾಡಿದ. ಪಕ್ಕದಲ್ಲಿ ನಿಂತ ಭಾಗ್ಯಜ್ಯೋತಿಗೆ ಒಬ್ಬನೇ ಎರಡು ಕಡೆಯಿಂದ ಮಾತಾಡಿದಂತೆ ಕೇಳಿತು. ರಜೆ ಯಾತಕ್ಕೆಂದು ದೊಡ್ಡಪ್ಪ ಕೇಳಿದರು. ಶಿವಪ್ರಕಾಶ ಜ್ವರವೆನ್ನಲು ಹೊರಟವನು ತಡೆದು, ಮೂರು ಬೆರಳಿನ ಪರೀಕ್ಷೆಯಿಂದ ಹಿಡಿದು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಆ ಕಡೆಯಿಂದ ಉಗುಳಿದ ಸದ್ದು.

"ಎಷ್ಟ ಬೆರಳಂದ್ರಿ ಮಾಸ್ತರ?"