ಕೂರುವ ಕವಾಯತು

ಕವಾಯತು ಮೇಷ್ಟ್ರ ಗಂಟಲು ಊರಿಗೆಲ್ಲ ಗೊತ್ತಿದ್ದದ್ದೇ. ಸೈನ್ಯದಿಂದ ನಿವೃತ್ತರಾಗಿ ಯಾವ ಕಾಲವಾಗಿದ್ದರೂ, ಅವರು ಮಹಡಿಯ ಮೇಲೆ ಸೀನಿದರೆ ಕೆಳಗಿನ ಸೈಕಲ್ ರಿಪೇರಿಯವನು ಪಂಪು ಕೆಳಗಿಟ್ಟು ಎದ್ದು ನಿಲ್ಲುತ್ತಾನೆ ಎಂದು ಜನ ಆಡಿಕೊಳ್ಳುತ್ತಿದ್ದರು. ಮೇಷ್ಟ್ರಿಗೂ ಆ ಮಾತು ಕೇಳಿದರೆ ಒಳಗೊಳಗೇ ಖುಷಿ. ಮನುಷ್ಯ ಎಂದ ಮೇಲೆ ಒಂದಲ್ಲ ಒಂದು ಜಂಬ ಇರಲೇಬೇಕಲ್ಲ. ಕೆಲವರಿಗೆ ಮೀಸೆ, ಕೆಲವರಿಗೆ ಅಳಿಯನ ಸಂಬಳ, ಇವರಿಗೆ ಗಂಟಲು. ಆ ಗಂಟಲೇ ಅವರನ್ನು ಹಳ್ಳಕ್ಕೆ ತಳ್ಳಿತು.

ಆದದ್ದು ಇಷ್ಟು. ಪುರಸಭೆ ಚುನಾವಣೆ ಹತ್ತಿರ ಬಂದಿತ್ತು. ಸೈಕಲ್ ಅಂಗಡಿಯ ಮೇಲಿರುವ ಮಾಜಿ ಸೈನಿಕರ ಸಂಘದ ಕೋಣೆಗೆ ಒಂದು ಬೆಳಿಗ್ಗೆ ಊರಿನ ಟಿವಿ ಚಾನೆಲ್ಲಿನವರು ಕ್ಯಾಮೆರಾ ಹೊತ್ತುಕೊಂಡು ಬಂದರು. ಹಿರಿಯರ ಬಗ್ಗೆ ಕಾರ್ಯಕ್ರಮ ಮಾಡುತ್ತೇವೆ ಎಂದರು. ಕೇರಂ ಆಡುತ್ತಿದ್ದವರನ್ನೂ, ಪೇಪರು ಮುಖದ ಮೇಲೆ ಹಾಕಿಕೊಂಡು ತೂಕಡಿಸುತ್ತಿದ್ದವರನ್ನೂ ಎಬ್ಬಿಸಿ ಮಡಚುವ ಕುರ್ಚಿಗಳ ಮೇಲೆ ಸಾಲಾಗಿ ಕೂರಿಸಿದರು. ಆಮೇಲೆ ಅವರ ನಿರೂಪಕ, ನಾಲಿಗೆಗೆ ಬೆಣ್ಣೆ ಸವರಿಕೊಂಡೇ ಮನೆ ಬಿಡುವಂಥವನು, ಮೇಷ್ಟ್ರ ಮುಂದೆ ಕೈ ಮುಗಿದು ನಿಂತ.

"ಮೇಷ್ಟ್ರೇ, ನಿಮ್ಮ ದನಿ ಬಗ್ಗೆ ಬಹಳ ಕೇಳಿದೀನಿ. ಒಂದೇ ಒಂದ್ಸಲ 'ಅಟೆನ್ಷನ್' ಅಂತ ಕೂಗಿ. ಜನಾನೂ ಕೇಳ್ಲಿ."

ಕೇಳಿದ್ದೇ ತಡ, ಮೇಷ್ಟ್ರು ಎದೆ ತುಂಬ ಉಸಿರೆಳೆದುಕೊಂಡು ಕೂಗಿಯೇಬಿಟ್ಟರು. ಅಷ್ಟೂ ಮುದುಕರು ಮಂಡಿನೋವು, ಸೊಂಟನೋವು ಎಲ್ಲ ಮರೆತು ಧಡಕ್ಕನೆ ಎದ್ದು ನೆಟ್ಟಗೆ ನಿಂತರು. ಆ ಕರೆಗೆ ಮೈ ತಾನಾಗಿ ಏಳುತ್ತದೆ, ಮನಸ್ಸನ್ನು ಕೇಳುವುದಿಲ್ಲ. ಸರಿಯಾಗಿ ಅದೇ ಗಳಿಗೆಗೆ ಬಾಗಿಲಲ್ಲಿ ಸಿಮೆಂಟ್ ಸಾಹುಕಾರ ಹಲ್ಲು ಬಿಟ್ಟುಕೊಂಡು ಕಾಣಿಸಿಕೊಂಡ. ಸಾಹುಕಾರ ಚುನಾವಣೆಗೆ ನಿಂತಿದ್ದ. ಚಾನೆಲ್ಲು ಅವನ ಭಾಮೈದನದು. ಅಕ್ಕನ ಗಂಡ ಕೆಮ್ಮಿದರೂ ಅಲ್ಲಿ ಬ್ರೇಕಿಂಗ್ ನ್ಯೂಸ್.

ಅಂದು ಸಂಜೆಯಿಂದ ಶುರುವಾಯಿತು. 'ಸಾಹುಕಾರರನ್ನು ಕಂಡು ಎದ್ದು ನಿಂತ ಸೈನಿಕರು' ಎಂದು ದಪ್ಪಕ್ಷರದಲ್ಲಿ ಬರೆದು, ಅದೇ ತುಣುಕನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮಾತ್ರೆ ಕೊಟ್ಟ ಹಾಗೆ ತೋರಿಸಿದರು. ಮೇಷ್ಟ್ರ ಕೂಗನ್ನು ಮಾತ್ರ ಕತ್ತರಿಸಿ ಹಾಕಿದ್ದರು. ನೋಡಿದವರಿಗೆ ಸೈನಿಕರೆಲ್ಲ ಸಾಹುಕಾರನಿಗೇ ಗೌರವ ಕೊಟ್ಟು ಎದ್ದ ಹಾಗೆ ಕಾಣುತ್ತಿತ್ತು.

"ಯಾರಾದ್ರೂ ಹೊಗಳಿದ್ರೆ ಸಾಕು, ಏಣಿ ಇಲ್ದೇ ಅಟ್ಟ ಹತ್ತುತೀರ," ಎಂದರು ಮೇಷ್ಟ್ರ ಹೆಂಡತಿ. "ಇಳಿಯೋದು ಹೇಗೆ ಅಂತ ಈಗ ನೀವೇ ನೋಡ್ಕೊಳ್ಳಿ."

ಹೆಂಡತಿಯ ಮಾತನ್ನು ಮೇಷ್ಟ್ರು ನುಂಗಿಕೊಂಡರು, ಅದು ಹೊಸದಲ್ಲ. ನುಂಗಲಾಗದೆ ಹೋದದ್ದು ಹೊಲಿಗೆಯಮ್ಮನ ಮಾತು. ಚುನಾವಣೆಯಲ್ಲಿ ಸಾಹುಕಾರನ ಎದುರು ನಿಂತಿದ್ದವಳು ಅವಳೇ, ಮುಖ್ಯ ಬೀದಿಯ ತಿರುವಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಅವಳ ಗಂಡ ಮೇಷ್ಟ್ರ ಕೈಕೆಳಗೆ ಕವಾಯತು ಕಲಿತು ಗಡಿಗೆ ಹೋದವನು ಮರಳಿ ಬರಲಿಲ್ಲ. ಆ ಸುದ್ದಿಯನ್ನು ಅವಳ ಮನೆ ಬಾಗಿಲಿಗೆ ತಂದವರು ಮೇಷ್ಟ್ರೇ. ಅಂದಿನಿಂದ ಅವಳು ಅವರನ್ನು 'ಅಣ್ಣ' ಎಂದೇ ಕರೆಯುತ್ತಿದ್ದಳು. ಒಡಹುಟ್ಟಿದವರಿಲ್ಲದ ಮೇಷ್ಟ್ರಿಗೆ ಆ ಒಂದು ಮಾತು ಪೆನ್ಷನ್ನಿಗಿಂತ ದೊಡ್ಡದಾಗಿತ್ತು.

ಅವರು ಸಮಾಧಾನ ಹೇಳಲು ಅಂಗಡಿಗೆ ಹೋದಾಗ ಅವಳು ಯಂತ್ರದಿಂದ ತಲೆ ಎತ್ತಲಿಲ್ಲ. ಗೋಡೆಯ ಮೇಲಿನ ಟಿವಿಯಲ್ಲಿ ಅದೇ ತುಣುಕು ಓಡುತ್ತಿತ್ತು.

"ನಮ್ಮನೆಯವರ ಜೊತೆಗಾರರು ಯಾರ ಮುಂದೇನೂ ಬಗ್ಗೋರಲ್ಲ ಅಂತ ಮನೆ ಮನೆಗೆ ಹೋಗಿ ಹೇಳಿದ್ದೆ," ಎಂದಳು. "ಓಟು ಕೊಡ್ಸಿ ಅಂತ ನಿಮ್ಮನ್ನ ಕೇಳ್ಲಿಲ್ಲ. ಸುಮ್ನೆ ಕೂತಿದ್ರೆ ಸಾಕಾಗಿತ್ತು. ಹೋಗ್ಬನ್ನಿ ಮೇಷ್ಟ್ರೇ, ನಂಗೆ ಕೆಲಸ ಇದೆ."

ಅಣ್ಣ ಅಲ್ಲ, ಮೇಷ್ಟ್ರೇ. ಮೆಟ್ಟಿಲಿಳಿಯುವಾಗ ಕಣ್ಣಲ್ಲಿ ನೀರು ಬಂತು, ಯಾರಾದರೂ ನೋಡಿದರೇ ಎಂದು ಮೂಗು ಒರೆಸಿಕೊಂಡರು. ಆ ಮಾತನ್ನು ಹೇಗಾದರೂ ವಾಪಸು ಗಳಿಸಬೇಕು ಎಂದು ನಿಶ್ಚಯಿಸಿಯೇ ಸಂಘದ ಮಹಡಿ ಹತ್ತಿದರು.

ಸಂಘದಲ್ಲಿ ಎಲ್ಲರಿಗೂ ಮೈ ಉರಿಯುತ್ತಿತ್ತು. ಚಾನೆಲ್ಲಿನ ಗೇಟಿಗೆ ಹೋದರು, ಕಾವಲಿನವನು ಒಳಗೆ ಬಿಡಲಿಲ್ಲ. ಚುನಾವಣಾ ಕಚೇರಿಗೆ ಹೋದರು, ಪರಿಶೀಲಿಸುತ್ತೇವೆ ಎಂದರು.

"ಇವರ ಪರಿಶೀಲನೆ ಮುಗಿಯೋ ಹೊತ್ತಿಗೆ ಗೆದ್ದವನು ಕುರ್ಚಿ ಸವೆಸಿ ಮನೆಗೂ ಹೋಗಿರ್ತಾನೆ," ಎಂದ ಡ್ರೈವರ್. ಸೈನ್ಯದ ಲಾರಿ ಓಡಿಸಿದವನು, ಯಾವುದರಲ್ಲೂ ತಡ ಸಹಿಸದವನು.

ಅಷ್ಟರಲ್ಲಿ ಚಾನೆಲ್ಲಿನವರೇ ಫೋನು ಮಾಡಿದರು. ಮತದಾನಕ್ಕೆ ಮುಂಚಿನ ಭಾನುವಾರ ಪುರಭವನದಲ್ಲಿ ಸಾಹುಕಾರರ ಜೊತೆ ನೇರ ಪ್ರಸಾರ, ಮುಂದಿನ ಸಾಲು ಹಿರಿಯ ಸೈನಿಕರಿಗೇ ಮೀಸಲು ಎಂದರು. ಗೇಟಿನೊಳಗೆ ಬಿಟ್ಟಿದ್ದರೆ ತಾನೇ ಇವರ ಸಿಟ್ಟು ಅವರಿಗೆ ಗೊತ್ತಾಗುವುದು.

"ಹೋಗೋದೇ ಬೇಡ," ಎಂದ ಡ್ರೈವರ್.

"ಹೋಗದೇ ಇದ್ರೆ ಹಳೇದನ್ನೇ ಇನ್ನೂ ನಾಕು ದಿನ ತೋರಿಸ್ತಾರೆ," ಎಂದರು ಮೇಷ್ಟ್ರು. "ನೇರ ಪ್ರಸಾರದಲ್ಲಿ ಕತ್ತರಿ ಆಡ್ಸಕ್ಕಾಗಲ್ಲ. ಹೋಗೋಣ. ಹೋಗಿ ಕೂತ್ಕೊಳ್ಳೋಣ. ಅವರು ಏನೇ ಕೂಗಿದ್ರೂ ಏಳೋದು ಬೇಡ."

ಸೌಟು ಗಂಟಲು ಸರಿಮಾಡಿಕೊಂಡ. ಸೈನ್ಯದ ಅಡುಗೆಮನೆಯಲ್ಲಿ ಜೀವ ತೇಯ್ದವನು, ಹಾಗಾಗಿ ಆ ಹೆಸರು. "ನಾನು ಮುಚ್ಚುಮರೆ ಮಾಡಲ್ಲ. ನನ್ನ ಓಟು ಸಾಹುಕಾರನಿಗೇ. ನಮ್ಮ ಬೀದಿಗೆ ಚರಂಡಿ ಮಾಡ್ಸಿದ್ದು ಅವನು."

ಕೇರಂ ಬೋರ್ಡಿನ ಮೇಲೆ ಯಾರದೋ ಬೆರಳು ಸುಮ್ಮನೆ ಕಾಯಿ ಸರಿಸುತ್ತಿತ್ತು.

"ಆದ್ರೆ ಓಟು ಹಾಕೋ ಕೈ ನಂದು," ಎಂದು ಸೌಟು ಮುಂದುವರಿಸಿದ. "ಅವನ ಭಾಮೈದ ಟಿವೀಲಿ ನನ್ನ ಹೆಸರಲ್ಲಿ ಹಾಕೋದಲ್ಲ. ನಾನೂ ಬಂದು ಕೂತ್ಕೋತೀನಿ."

ಮೇಷ್ಟ್ರು ಅವನ ಬೆನ್ನು ತಟ್ಟಿದರು. ಇದಕ್ಕಿಂತ ಗಟ್ಟಿ ಮಾತು ಬೇರೆ ಯಾರಿಂದಲೂ ಬರುತ್ತಿರಲಿಲ್ಲ.

ಕೂರುವುದರಲ್ಲಿ ಏನು ಮಹಾ ಎಂದುಕೊಂಡಿದ್ದರು. ಕೂತು ನೋಡಿದಾಗ ಗೊತ್ತಾಯಿತು. ಎಲ್ಲರನ್ನೂ ಕುರ್ಚಿಯ ಮೇಲೆ ಕೂರಿಸಿ, ಏಳಬಾರದು ಎಂದು ಗಿಳಿಗೆ ಹೇಳಿದ ಹಾಗೆ ಹೇಳಿ, ಮೇಷ್ಟ್ರು ಎದುರು ನಿಂತು "ಅಟೆನ್ಷನ್" ಎಂದರು. ಅಷ್ಟೂ ಜನ ಎದ್ದು ನಿಂತರು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಪೆಚ್ಚಾದರು. ಮತ್ತೆ ಕೂಗಿದರು, ಮತ್ತೆ ಎದ್ದರು. ಡ್ರೈವರ್ ಕುರ್ಚಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ, ಕುರ್ಚಿಯ ಸಮೇತ ಎದ್ದ.

"ಹೀಗೆ ಆಗಲ್ಲ," ಎಂದ ಸೌಟು. "ತೊಡೆ ಮೇಲೆ ಕುದಿಯೋ ಸಾರಿನ ಪಾತ್ರೆ ಇದೆ ಅಂದ್ಕೊಳ್ಳಿ. ಎದ್ದರೆ ಚೆಲ್ಲುತ್ತೆ, ಸುಡೋದು ನಿಮಗೇ."

ಸಾರು ಕೆಲಸ ಮಾಡಿತು. ಮೊದಲು ಮೂರು ನಾಲ್ಕು ಜನ ಕೂತೇ ಉಳಿದರು, ಮಾರನೆಯ ದಿನ ಅರ್ಧ ಜನ. ದಿನವೂ ಮೇಷ್ಟ್ರು ನಿಂತು ಕೂಗುವುದು, ಉಳಿದವರು ತೊಡೆ ಬಿಗಿಹಿಡಿದು ಕೂರುವುದು. ಕಡೆಗೆ ಸೈಕಲ್ ಅಂಗಡಿಯವನೇ ಮೇಲೆ ಬಂದ. "ಮೇಷ್ಟ್ರೇ, ಇವರೆಲ್ಲ ಕೂತಿದಾರೆ, ಕೆಳಗೆ ನಾನೊಬ್ಬ ಎದ್ದೂ ಎದ್ದೂ ಸಾಯ್ತಿದೀನಿ," ಎಂದ. ಮಹಡಿ ಬಿದ್ದುಹೋಗುವಂತೆ ನಕ್ಕರು. ಆ ಸಂಜೆ ಮೇಷ್ಟ್ರು ಎಷ್ಟು ಸಲ ಅರಚಿದರೂ ಒಂದು ಮಂಡಿಯೂ ಅಲುಗಲಿಲ್ಲ. ತಮ್ಮ ಗಂಟಲು ಸೋತದ್ದಕ್ಕೆ ಅವರು ಜೀವನದಲ್ಲಿ ಮೊದಲ ಸಲ ಹಿಗ್ಗಿದರು.

ಭಾನುವಾರ ಪುರಭವನ ಕಿಕ್ಕಿರಿದಿತ್ತು. ದೀಪಗಳ ಕಾವಿಗೆ ಮುಂದಿನ ಸಾಲಿನವರ ನೆತ್ತಿ ಬೆವರುತ್ತಿತ್ತು. ಮೇಷ್ಟ್ರು ಹೊಲಿಗೆಯಮ್ಮ ಹೊಲಿದುಕೊಟ್ಟಿದ್ದ ಬೂದು ಕೋಟು ಹಾಕಿಕೊಂಡು ಸಾಲಿನ ನಡುವೆ ಕೂತಿದ್ದರು, ಪಕ್ಕದಲ್ಲಿ ಸೌಟು. ನಿರೂಪಕ ಮೈಕು ಹಿಡಿದು ಇಳಿದು ಬಂದ.

"ಮೇಷ್ಟ್ರೇ, ಆವತ್ತಿನ ಹಾಗೆ ಒಂದ್ಸಲ."

"ಇವತ್ತು ಬೇಡಪ್ಪ," ಎಂದರು ಮೇಷ್ಟ್ರು.

ಅವನು ನಗು ಕೆಡಿಸಿಕೊಳ್ಳಲಿಲ್ಲ. ರಂಗೋಲಿ ಕೆಳಗೆ ನುಸುಳುವ ಜಾತಿ. ವೇದಿಕೆಯ ಮೂಲೆಗೆ ಕಣ್ಣು ಮಿಟುಕಿಸಿದ. ಪರದೆ ಸರಿಸಿಕೊಂಡು ಸಿಮೆಂಟ್ ಸಾಹುಕಾರ ಕೈ ಮುಗಿದು ಬಂದ, ಅದೇ ಕ್ಷಣ ಧ್ವನಿವರ್ಧಕಗಳಲ್ಲಿ ಆವತ್ತು ರೆಕಾರ್ಡ್ ಮಾಡಿಕೊಂಡಿದ್ದ ಮೇಷ್ಟ್ರದೇ ಕೂಗು ಗೋಡೆ ನಡುಗುವಂತೆ ಕೇಳಿಸಿತು. ಅಟೆನ್ಷನ್.

ಸಾಲಿನಲ್ಲಿ ಒಬ್ಬರೂ ಅಲುಗಲಿಲ್ಲ. ಕಣ್ಣು ನೇರ, ಕೈ ತೊಡೆಯ ಮೇಲೆ.

ಎದ್ದದ್ದು ಮೇಷ್ಟ್ರ ಕಾಲು. ಅಷ್ಟು ದಿನ ಅಭ್ಯಾಸ ಮಾಡಿಸಿದವರು ಅವರು, ನಿಂತುಕೊಂಡು. ಕೂತು ಅಭ್ಯಾಸ ಮಾಡಬೇಕೆಂಬುದು ಅವರಿಗೂ ಹೊಳೆದಿರಲಿಲ್ಲ, ಬೇರೆಯವರಿಗೂ ಹೊಳೆದಿರಲಿಲ್ಲ. ತಮ್ಮದೇ ದನಿ ತಮ್ಮ ಬೆನ್ನಿಗೆ ಬಂದು ಬಡಿದಾಗ ಸೊಂಟ ಕುರ್ಚಿ ಬಿಟ್ಟು ಮೇಲೆದ್ದಿತು. ಕ್ಯಾಮೆರಾ ಅವರತ್ತ ತಿರುಗುವುದು ಕಾಣಿಸಿತು. ಮುಗಿಯಿತು ಕತೆ, ಆ ತಂಗಿಯ ಬಾಗಿಲು ಇನ್ನು ತೆರೆಯುವುದಿಲ್ಲ ಎಂದುಕೊಂಡರು.

ಸೌಟು ಅವರ ಕೋಟಿನ ಹಿಂಬದಿ ಹಿಡಿದು ಜಗ್ಗಿದ. ಪರ್ರನೆ ಸದ್ದಾಯಿತು. ಮೇಷ್ಟ್ರು ದೊಪ್ಪನೆ ಕೂತರು.

"ಸಾರು, ಸಾರು," ಎಂದು ಸೌಟು ಹಲ್ಲು ಕಚ್ಚಿ ಪಿಸುಗುಟ್ಟಿದ.

"ಹಿರಿಯರಿಗೆ ಸರಿಯಾಗಿ ಕೇಳಿಸ್ಲಿಲ್ಲ ಅನ್ಸುತ್ತೆ," ಎಂದ ನಿರೂಪಕ. ಕೂಗು ಇನ್ನೊಮ್ಮೆ ಬಂತು. ಈ ಸಲ ಮೇಷ್ಟ್ರ ತೊಡೆಯ ಮೇಲೂ ಪಾತ್ರೆ ಕುದಿಯುತ್ತಿತ್ತು. ವೇದಿಕೆಯ ಮೇಲೆ ಸಾಹುಕಾರನೊಬ್ಬನೇ ನೆಟ್ಟಗೆ ನಿಂತಿದ್ದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು.

ಮೇಷ್ಟ್ರು ಮೈಕು ಕೇಳಲಿಲ್ಲ. ಆ ಗಂಟಲಿಗೆ ಮೈಕು ಯಾವ ಕಾಲಕ್ಕೆ ಬೇಕಾಗಿತ್ತು.

"ಚೆನ್ನಾಗಿ ಕೇಳಿಸ್ತು," ಎಂದರು, ಕೂತಲ್ಲಿಂದಲೇ. "ಅದು ನನ್ನ ದನಿ. ಆವತ್ತು ಹೊಗಳಿಕೆಗೆ ಬಿದ್ದು ಕೂಗಿದೆ, ಇವರು ನನ್ನ ಮಾತಿಗೆ ಎದ್ರು. ಸಾಹುಕಾರರಿಗೂ ಅದಕ್ಕೂ ಸಂಬಂಧ ಇಲ್ಲ. ನಮ್ಮಲ್ಲಿ ಅವರಿಗೆ ಓಟು ಹಾಕೋರೂ ಇದಾರೆ, ಹಾಕದೇ ಇರೋರೂ ಇದಾರೆ. ಅದು ಮತಗಟ್ಟೆ ಒಳಗಿನ ಮಾತು, ನಿಮ್ಮ ಟಿವಿದಲ್ಲ. ಅದಕ್ಕೇ ಎಲ್ಲರೂ ಕೂತಿದೀವಿ."

ಭವನದ ತುಂಬ ಚಪ್ಪಾಳೆ ಬಿತ್ತು. ಚಾನೆಲ್ಲಿನವರು ಗಡಿಬಿಡಿಯಲ್ಲಿ ಸೋಪಿನ ಜಾಹೀರಾತು ಹಾಕಿದರು. ಆ ಹೊತ್ತಿಗೆ ಹೇಳಬೇಕಾದದ್ದನ್ನು ಮೇಷ್ಟ್ರು ಪೂರ್ತಿ ಹೇಳಿ ಆಗಿತ್ತು.

ಮನೆಗೆ ಹೋಗುವಾಗ ಅವರು ತಿರುವಿನ ಅಂಗಡಿಯ ಎದುರು ಬಿರಬಿರನೆ ಹೆಜ್ಜೆ ಹಾಕಿದರು. ಊರಿಗೆ ಉತ್ತರ ಹೇಳಿದ್ದಾಗಿತ್ತು, ಆದರೆ ಅವಳ ಮುಖ ನೋಡುವ ಧೈರ್ಯ ಇನ್ನೂ ಬಂದಿರಲಿಲ್ಲ. ಹರಿದ ಕೋಟಿನ ತುದಿ ಬೆನ್ನ ಹಿಂದೆ ಜೋತಾಡುತ್ತಿತ್ತು.

"ಅಣ್ಣಾ."

ಮೇಷ್ಟ್ರು ಗಕ್ಕನೆ ನಿಂತರು. ಹೊಲಿಗೆಯಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಒಳಗೆ ಟಿವಿಯಲ್ಲಿ ಇನ್ನೂ ಸೋಪು ನೊರೆ ಬಿಡುತ್ತಿತ್ತು.

"ಅವರೆಲ್ಲ ಕೂತಿದ್ರು. ನೀವೊಬ್ರು ಅರ್ಧ ಎದ್ದಿದ್ರಿ. ನಾನು ನೋಡ್ದೆ."

"ಅವರಿಗೆಲ್ಲ ನಾನು ಕೂಗಿ ಕೂರೋದು ಕಲಿಸ್ದೆ, ನನಗೆ ಕೂಗೋಕೆ ಯಾರೂ ಇರ್ಲಿಲ್ಲ ಕಣಮ್ಮ," ಎಂದರು ಮೇಷ್ಟ್ರು. ಊರು ನಡುಗಿಸಿದ ದನಿ ಅಲ್ಲಿ ಸರಿಯಾಗಿ ಹೊರಡಲೇ ಇಲ್ಲ.

ಅವಳು ನಗು ತಡೆದುಕೊಂಡಳು, ಕಣ್ಣು ಮಾತ್ರ ಒದ್ದೆಯಾಗಿತ್ತು. "ಕೋಟು ಬಿಚ್ಚಿ ಇಲ್ಲಿ ಕೊಡಿ. ಹೀಗೇ ಹೋದ್ರೆ ಅತ್ತಿಗೆ ಸುಮ್ನೆ ಬಿಡ್ತಾರಾ. ನಾನು ಹಾಕಿದ ಹೊಲಿಗೆ, ಅಷ್ಟು ಸುಲಭಕ್ಕೆ ಬಿಡೋದಲ್ಲ. ಯಾರು ಜಗ್ಗಿದ್ದು?"

"ಸೌಟು. ಅವನ ಓಟು ನಿಂಗಿಲ್ಲ, ಮೊದಲೇ ಹೇಳ್ಬಿಡ್ತೀನಿ."

"ಇಲ್ದಿದ್ರೆ ಬೇಡ. ಜಗ್ಗಿದ್ನಲ್ಲ, ಅಷ್ಟು ಸಾಕು."

ಅವಳು ದಾರದ ಉಂಡೆ ಹುಡುಕುತ್ತ ಸ್ಟೂಲನ್ನು ಕಾಲಿನಿಂದ ಅವರತ್ತ ತಳ್ಳಿದಳು. ಮೇಷ್ಟ್ರು ಕೋಟು ಕೊಟ್ಟು, ಯಂತ್ರದ ಪಕ್ಕ ಕೂತರು. ಹೊಲಿಗೆ ಮುಗಿಯುವ ತನಕ ಅಲ್ಲಿಂದ ಏಳಲಿಲ್ಲ.