ನಡುಗುವ ಅಂಗೈ

ಅಂಗೈಯಲ್ಲಿ ನೆಲೆಗೊಂಡೂ ಬ್ರಹ್ಮಾಂಡವನ್ನು ತುಂಬಿ ನಿಂತ ಪರಶಿವನಿಗೆ ಶರಣು. ನೋವನ್ನರಿಯುವ ದೇಹವನ್ನು ಕೊಟ್ಟು, ಆ ದೇಹದಿಂದಲೇ ಪೂಜೆಗೊಳ್ಳುವ ಕರುಣಾಳು ಈ ಕಥೆಗೆ ಮಾತು ಕೊಡಲಿ.

ಹುಣಸೂರಿನಲ್ಲಿ ಹೊಗೆಸೊಪ್ಪಿನ ವ್ಯಾಪಾರ ಮಾಡಿಕೊಂಡಿದ್ದ ಸಿದ್ದಮಲ್ಲಪ್ಪನವರು ತಮ್ಮ ಐವತ್ತೆಂಟನೆಯ ವರ್ಷದಲ್ಲಿ ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಗಳಿಗೆ ಹೋಗಿ ಚಳಿಜ್ವರ ಹತ್ತಿಸಿಕೊಂಡು ಬಂದರು. ಕ್ವಿನೈನ್ ನುಂಗಿ ಜ್ವರವೇನೋ ಬಿಟ್ಟಿತು. ಎಡಗೈಯ ನಡುಕ ಉಳಿಯಿತು. ತಕ್ಕಡಿ ಹಿಡಿಯುವುದು ಬಲಗೈಯಾದ್ದರಿಂದ ಅಂಗಡಿಯಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಆದರೆ ಎಂಟನೆಯ ವಯಸ್ಸಿನಲ್ಲಿ ದೀಕ್ಷೆ ಪಡೆದಂದಿನಿಂದ ದಿನವೂ ಬೆಳಿಗ್ಗೆ ಇಷ್ಟಲಿಂಗವನ್ನಿರಿಸಿಕೊಂಡು ಎವೆಯಿಕ್ಕದೆ ನೋಡುತ್ತ ಕೂರುತ್ತಿದ್ದುದು ಆ ಎಡ ಅಂಗೈಯಲ್ಲಿಯೇ.

ಲಿಂಗ ನೆಲಕ್ಕೆ ಬಿದ್ದರೆ ಭಕ್ತನು ತಾನೂ ಪ್ರಾಣ ಬಿಡತಕ್ಕದ್ದೆಂದು ಅವರ ತಂದೆ ಬಾಲ್ಯದಲ್ಲೇ ಹೇಳಿದ್ದರು. ಐವತ್ತು ವರ್ಷ ಆ ಮಾತು ಅವರನ್ನು ಕಾಡಿರಲಿಲ್ಲ. ಈಗ ಅದರ ಹೊರತು ಬೇರೆ ಮಾತೇ ಕಿವಿಯಲ್ಲಿ ಉಳಿಯಲಿಲ್ಲ.

ಕುಳಿತ ಸ್ವಲ್ಪ ಹೊತ್ತಿಗೆ ಮಂಡಿ ಉರಿಯುತ್ತಿತ್ತು. ಕಣಕಾಲಿನ ಮೇಲೆ ಇರುವೆ ಹರಿಯುತ್ತಿತ್ತು. ಹಣೆಯ ವಿಭೂತಿಯನ್ನು ಕರಗಿಸಿದ ಬೆವರು ಹುಬ್ಬಿನಂಚಿಗೆ ಬಂದು ನಿಲ್ಲುತ್ತಿತ್ತು. ಒರೆಸಲು ಬಲಗೈಯೆತ್ತಿದರೆ ಎಡಗೈ ಅಲುಗಬಹುದೆಂದು ಹಾಗೆಯೇ ಬಿಡುತ್ತಿದ್ದರು. ಕೆಮ್ಮು ಬಂದರೆ ನುಂಗುತ್ತಿದ್ದರು. ಕಣ್ಣು ಲಿಂಗದ ಮೇಲಿದ್ದರೂ ಮನಸ್ಸು ಬೆರಳುಗಳ ಕಾವಲಿಗೆ ನಿಂತಿರುತ್ತಿತ್ತು. ಪೂಜೆ ಮುಗಿದು ಲಿಂಗವನ್ನು ಕರಡಿಗೆಯಲ್ಲಿಟ್ಟು ಎದೆಗೆ ಕಟ್ಟಿಕೊಂಡಾಗ ಒಂದು ನಿಟ್ಟುಸಿರು; ಅದರ ಬೆನ್ನಿಗೇ ಮರುದಿನದ ಚಿಂತೆ.

ಕಡೆಗೆ ಅವರೊಂದು ಉಪಾಯ ಹೂಡಿದರು. ಹೊದ್ದ ಶಲ್ಯದ ಮರೆಯಲ್ಲಿ ಎಡ ಮಣಿಕಟ್ಟನ್ನು ಬಟ್ಟೆಯ ಪಟ್ಟಿಯಿಂದ ತೊಡೆಗೆ ಬಿಗಿದು ಕಟ್ಟಿಕೊಳ್ಳತೊಡಗಿದರು. ನಡುಕವೇನೋ ಅಡಗಿತು. ಆದರೆ ನಾಲ್ಕನೆಯ ದಿನ ಊಟಕ್ಕೆ ಬಡಿಸುತ್ತಿದ್ದ ಪತ್ನಿ ಶಿವರುದ್ರಮ್ಮನ ಕಣ್ಣು ಅಲ್ಲಿಗೆ ಹೋಯಿತು.

"ಮಣಿಕಟ್ಟು ಯಾಕ್ರೀ ಇಂಗೆ ಕಪ್ಪಿಟ್ಟದೆ?"

"ಮೂಟೆ ಹಗ್ಗ ತಗುಲ್ತು ಕಣೆ."

"ಮೂಟೆ ಹೊರಾಕೆ ಆಳಿಟ್ಕಂಡು ನೀವ್ಯಾವ ಮೂಟೆ ಹೊತ್ರಿ? ಸುಳ್ಳು ಹೇಳಾದಾದ್ರೂ ಸರ್ಯಾಗಿ ಕಲ್ತ್ಕಳಿ."

ಅವರು ತಲೆ ಬಗ್ಗಿಸಿ ಮುದ್ದೆ ಮುರಿದರು.

ಮುಂದಿನ ಸೋಮವಾರ ಕಟ್ಟು ಬಿಗಿಯಾಯಿತು. ಕುಳಿತು ತುಸು ಹೊತ್ತಿಗೆ ಕೈ ಜೋಮು ಹಿಡಿದು, ಲಿಂಗದ ತಂಪಾಗಲಿ ಭಾರವಾಗಲಿ ತಿಳಿಯದಾಯಿತು. ಎವೆಯಿಕ್ಕದ ಕಣ್ಣಲ್ಲಿ ನೀರು ತುಂಬಿ ಲಿಂಗದ ರೂಪವೂ ಕಲಸಿಹೋಯಿತು. ಕೈಯಲ್ಲಿದೆಯೋ ಇಲ್ಲವೋ? ಬೆರಳು ಮಡಿಸಲು ನೋಡಿದರು. ಬೆರಳು ಮಾತು ಕೇಳಲಿಲ್ಲ. ಗಾಬರಿಯಿಂದ ತೊಡೆಯನ್ನು ಕದಲಿಸಿದರು. ಅಂಗೈ ವಾಲಿತು, ಲಿಂಗ ಅಂಚಿಗೆ ಜಾರಿತು.

ಪಕ್ಕದಲ್ಲಿ ತನ್ನ ಪೂಜೆ ಮುಗಿಸಿ ಕುಳಿತಿದ್ದ ಶಿವರುದ್ರಮ್ಮ ಅವರ ಅಂಗೈಯಡಿಗೆ ತನ್ನ ಅಂಗೈ ಕೊಟ್ಟು ಎತ್ತಿ ಹಿಡಿದಳು. ಅಂಚಿನಲ್ಲಿ ನಿಂತ ಲಿಂಗವನ್ನು ಅವರು ಬಲಗೈಯಿಂದ ಎದೆಗವಚಿಕೊಂಡರು. ಶಲ್ಯ ಜಾರಿ ಕಟ್ಟು ಕಾಣಿಸಿತು.

"ನಂಗ್ಯಾಕೆ ಹೇಳ್ನಿಲ್ಲ?" ಎಂದಳು.

"ಹೇಳಿ ಏನ್ ಮಾಡ್ಲಿ? ಬಿದ್ದ ದಿನ ನಾನು ಹೊಳೆ ಪಾಲು ಕಣೆ. ನೀನು ದಿನಾ ಕೈ ಹಿಡ್ಕಂಡು ಕೂತಿರಾಕಾಯ್ತದಾ?"

ಅವಳು ಎದ್ದುಹೋಗಿ ಗಾಡಿ ಕಟ್ಟಿಸಿದಳು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಹೆಗ್ಗಡದೇವನಕೋಟೆಯ ದಾರಿಯಲ್ಲಿದ್ದ ಸಣ್ಣ ಮಠದಲ್ಲಿ, ಮನೆತನದ ಗುರುಗಳಾದ ವೃದ್ಧ ವೀರಭದ್ರಸ್ವಾಮಿಗಳ ಮುಂದೆ ನಿಂತಿದ್ದರು. ಸ್ವಾಮಿಗಳು ಎಲ್ಲವನ್ನೂ ಕೇಳಿ, ಬೆನ್ನಿಗೆ ಆಸರೆಯಾಗಲೆಂದು ಗೋಡೆಗೊಂದು ಮಣೆಯನ್ನು ಒರಗಿಸಿದರು.

"ಬಾ, ಕೂತ್ಕೊ. ಲಿಂಗ ತಗಿ. ಎಲ್ಲಿ ನೋಯ್ತದೆ?"

"ಮಂಡೀಲಿ ನೋಯ್ತದೆ, ಬುದ್ಧಿ."

"ಚಾಚು."

"ಪೂಜೇಲಿ ಕಾಲು ಚಾಚಾದಾ?"

"ಮಡಿಸ್ಕಂಡು ಮಂಡೀನೇ ಧ್ಯಾನ ಮಾಡ್ತಿದ್ಯಲ್ಲಪ್ಪ, ಅದು ಮಾತ್ರ ಪೂಜೆಯಾ?"

ಸ್ವಾಮಿಗಳು ಮಡಚಿದ ಕಂಬಳಿಯನ್ನು ಅವರ ತೊಡೆಯ ಮೇಲಿಟ್ಟರು. ಅದರ ಮೇಲೆ ಬಲ ಅಂಗೈ, ಬಲ ಅಂಗೈಯ ಮೇಲೆ ಎಡ ಅಂಗೈ. ಮುಖದ ಬೆವರನ್ನು ತಾವೇ ಒರೆಸಿದರು.

"ಮತ್ತೆ ನಡುಗ್ತಾ ಅದೆ, ಬುದ್ಧಿ."

"ನಡುಗ್ಲಿ. ನಡುಗ್ತಾ ಅದೆ ಅಂತ ತಿಳ್ಕೊ, ಆಮೇಲೆ ಲಿಂಗ ನೋಡು. ಇನ್ನೊಂದ್ಸಲ ನಡುಗ್ತು, ಇನ್ನೊಂದ್ಸಲ ತಿಳ್ಕೊ. ಕಟ್ಟಾಕಬ್ಯಾಡ."

"ಬಿದ್ರೆ?"

ಹೊರಗೆ ಎತ್ತಿನ ಕೊರಳ ಗಂಟೆ ಎರಡು ಸಲ ಕೇಳಿಸಿತು.

"ಹಿರೀಕರು ಆ ಕಟ್ಟಳೆ ಮಾಡಿದ್ದು ಉಡಾಫೆಯಲ್ಲಿ ಬಿಸಾಡಿದೋನಿಗೆ. ಜ್ವರಕ್ಕೆ ನಡುಗೋನಿಗಲ್ಲ. ಬಿದ್ರೆ ಎತ್ಕಂಡು ನನ್ನತ್ರ ಬಾ. ಹೊಳೆಗೆ ಹೋಗಬ್ಯಾಡ. ಕೇಳಿಸ್ತಾ?"

"ಕೇಳಿಸ್ತು, ಬುದ್ಧಿ."

"ನಂಗಲ್ಲ. ಅಲ್ನೋಡು, ಆಯಮ್ಮಂಗೆ ಹೇಳು."

ಹೆಂಡತಿಯ ಮುಖವನ್ನು ಸಿದ್ದಮಲ್ಲಪ್ಪನವರು ಬಹಳ ದಿನಗಳ ಮೇಲೆ ನೋಡಿದರು. "ಹೊಳೆಗೆ ಹೋಗಾಕಿಲ್ಲ ಕಣೆ" ಎಂದರು.

ಅಲ್ಲಿಯವರೆಗೆ ನಿಂತೇ ಇದ್ದ ಶಿವರುದ್ರಮ್ಮ ಕಂಬಕ್ಕೊರಗಿ ಕುಳಿತಳು.

ಅವರು ಲಿಂಗದತ್ತ ದೃಷ್ಟಿ ತಂದರು. ಕೈ ನಡುಗಿತು. ನಡುಗಿತೆಂದು ತಿಳಿದು ಮತ್ತೆ ನೋಡಿದರು. ಭಯ ಹೋಗಿರಲಿಲ್ಲ. ಆದರೂ ಒಂದು ನಡುಕಕ್ಕೂ ಇನ್ನೊಂದು ನಡುಕಕ್ಕೂ ನಡುವೆ, ಎರಡು ಉಸಿರಿನಷ್ಟು ಹೊತ್ತು, ಅವರು ಕಾವಲು ಮರೆತು ಲಿಂಗವನ್ನೇ ಕಂಡರು. ಜ್ವರ ಬಂದಂದಿನಿಂದ ಅದೇ ಮೊದಲು.

ನೋವನ್ನು ಮೈಯಲ್ಲಿಟ್ಟುಕೊಂಡೇ ಪೂಜೆಗೆ ಕೂರುವವರೆಲ್ಲರ ಆಸನ ಹಗುರವಾಗಲಿ. ಮನೆಯವರಿಗೂ ಹೇಳಲಾಗದ ಅಂಜಿಕೆ ಯಾರ ಪಾಲಿಗೂ ಬಾರದಿರಲಿ. ಇದನ್ನು ಓದಿದವರಿಗೂ ಕೇಳಿದವರಿಗೂ ಶಿವನು ಸನ್ಮಂಗಳವನ್ನು ಕರುಣಿಸಲಿ.