ಹಸಿರು ಮುಖದ ದೇವರು

ಸುಲಭವಾಗಿ ಯಾರಿಗೂ ಕೈ ಮುಗಿಯುವವಳಲ್ಲ ನಾನು. ಆದರೆ ಸಾವಿರಾರು ವರ್ಷಗಳ ಹಿಂದಿನ ಈಜಿಪ್ಟಿನ ಬಣ್ಣಗಾರರನ್ನು ದಿನಾ ನೆನೆಯುತ್ತೇನೆ.

ಬಸುರಿಯಾದ ನನಗೆ ಭಾನುವಾರ ಕುಬಸವಿತ್ತು. ಹಸಿರು ಸೀರೆ ಉಡಿಸಿ ಬಳೆ ತೊಡಿಸುವಾಗ ಮೊದಲ ಹಸಿರು ಬಳೆ ಅವ್ವನೇ ತೊಡಿಸಬೇಕೆಂಬುದು ನನ್ನ ಹಟ. ಅದಕ್ಕೆಂದೇ ಅವಳನ್ನು ಹುಬ್ಬಳ್ಳಿಯಿಂದ ಕೆನಡಾದ ಸ್ಕಾರ್‌ಬರೋಗೆ ಕರೆಸಿಕೊಂಡಿದ್ದೆ. ಅವಳೋ, "ಗಂಡ ಇಲ್ಲದಾಕಿ ನಾ. ಮಂದಿ ಬಂದಾಗ ಬೇಸ್‌ಮೆಂಟಿನ್ಯಾಗ ಕುಂದರತೀನಿ," ಎಂದುಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು.

ಇದರ ನಡುವೆ ಕೆಲಸ ಬೇರೆ. ಶಾಲೆಯೊಂದರ ಪ್ರದರ್ಶನಕ್ಕೆ ಈಜಿಪ್ಟಿನ ಗೋರಿಯ ಗೋಡೆಯೊಂದನ್ನು ಪ್ಲೈವುಡ್ಡಿನ ಮೇಲೆ ಬರೆದುಕೊಡಬೇಕಿತ್ತು. ಅಲ್ಲಿ ಚಿತ್ರಗಳೇ ಅಕ್ಷರ, ಒಂದೊಂದಕ್ಕೂ ನಿಗದಿಯಾದ ಬಣ್ಣ: ನೀರಿನ ಅಲೆಗೆ ನೀಲಿ, ಜೊಂಡಿನ ಎಲೆಗೆ ಹಸಿರು. ಗೆರೆ ಎಳೆಯುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ರಂಗೋಲಿಯಲ್ಲಿ ಅವ್ವನದು ಎತ್ತಿದ ಕೈ. ಅವಳ ಕೈಗೆ ಕುಂಚ ಕೊಟ್ಟು, ಯಾವುದಕ್ಕೆ ಯಾವ ಬಣ್ಣವೆಂದು ಹೇಳಿಕೊಟ್ಟು ಹೋಗಿ ಮಲಗಿದೆ.

ಎದ್ದು ನೋಡಿದರೆ ಜೊಂಡಿನ ಎಲೆಗಳೆಲ್ಲ ಹಳದಿ! ನಡುವೆ ಕುಳಿತ ದೇವರ ಮುಖವೂ ಹಳದಿ. ಹಸಿರು ಡಬ್ಬಿಯ ಮುಚ್ಚಳವನ್ನೇ ತೆಗೆದಿರಲಿಲ್ಲ.

"ಏನ್ ಮಾಡಿಟ್ಟೀಯವ್ವಾ! ಸೋಮವಾರ ಕೊಡಬೇಕು ಇದನ್ನ!"

"ನೀ ಬಸರಿ ಅದೀ. ನಾ ಹಸರ ಮುಟ್ಟಬಾರದವಾ."

"ಅಯ್ಯ, ಇದು ಗೋರಿ! ಆ ದೇವರು ಸತ್ತು ಹೊಳ್ಳಿ ಎದ್ದಾಂವ, ಅದಕ್ಕ ಅವನ ಮುಖಕ್ಕ ಹಸರ. ಸತ್ತವರೂ ಬೆಳಿ ಹಂಗ ಮತ್ತ ಚಿಗರಲಿ ಅಂತ ಆ ಮಂದಿ ಹಚ್ಚತಿದ್ರು. ನೀ ನೋಡಿದ್ರ..."

ಕೂಗಾಡಿಬಿಟ್ಟೆ. ಅವ್ವ ಆ ದೇವರ ಮುಖವನ್ನೇ ನೋಡುತ್ತ ನಿಂತಳು.

"ನಿಮ್ಮಪ್ಪ ಹೋದ ದಿನ ನನ್ನ ಹಸರ ಬಳಿ ಒಡದ್ರು," ಎಂದಳು ಕೊನೆಗೆ. "ಅವರಿಗೂ ಒಂದೀಟು ಹಸರ ಹಚ್ಚಿ ಕಳಸಬೇಕಿತ್ತು."

ಡಬ್ಬಿ ತೆರೆದಳು. ದೇವರ ಮುಖಕ್ಕೆ ಗೆರೆ ದಾಟದಂತೆ ಬಣ್ಣ ಹಚ್ಚಿದಳು. ಆಮೇಲೆ ಒಂದೊಂದೇ ಎಲೆಯನ್ನೂ ತಿದ್ದಿದಳು.

ಭಾನುವಾರ ಮನೆ ತುಂಬ ಹೆಂಗಸರು. ಗೆಳತಿ ರಾಜಲಕ್ಷ್ಮಿ ಬಳೆ ಹಿಡಿದು ಮುಂದೆ ಬಂದಳು. ನಾನು ಕೈ ಕೊಡದೆ ಬೇಸ್‌ಮೆಂಟಿನ ಬಾಗಿಲನ್ನೇ ನೋಡುತ್ತಿದ್ದೆ. ಬಂದಳು ನನ್ನವ್ವ, ಹೊಸ ಸೀರೆ ಉಟ್ಟುಕೊಂಡು! ಯಾರೋ ಗುಸುಗುಸು ಅಂದರು. ಅನ್ನಲಿ ಬಿಡಿ. ರಾಜಲಕ್ಷ್ಮಿ ತಾನಾಗಿಯೇ ಬಳೆಯನ್ನು ಅವಳ ಕೈಗಿತ್ತು ಸರಿದಳು. ಪುಣ್ಯಾತ್ಗಿತ್ತಿ, ಅವಳ ಹೊಟ್ಟೆ ತಣ್ಣಗಿರಲಿ.

ಅವ್ವ ನನ್ನ ಬೆರಳುಗಳನ್ನು ಒತ್ತಿ ಹಿಡಿದಳು. ನನಗೆ ಅಳು ತಡೆಯಲಾಗಲಿಲ್ಲ.

"ಕೈ ಸಡಲ ಬಿಡವಾ," ಎಂದಳು. "ನಿಮ್ಮಪ್ಪ ಹೊಳ್ಳಿ ಬರಾಕತ್ತಾರ."